ರಾಜನಿಗೆ ಕಾಣದ ಮೋಸ ನಮಗೆ ಯಾಕೆ ಕಾಣಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪಾತ್ರದ ಸುತ್ತ ಇವೆ. ಐತಿಹಾಸಿಕ ನಾಟಕ, ಸಿನಿಮಾ, ಧಾರಾವಾಹಿಗಳಲ್ಲಿ ರಾಜನ ಪಕ್ಕ ನಿಂತು ಕಿವಿಯೂದುವ ಮಂತ್ರಿ. ಆ ಪಾತ್ರ ಮಾಡುವವರು ಬರೆದಿದ್ದಾರೆ, ಮಾಡಿಸುವವರು ಬರೆದಿದ್ದಾರೆ, ಟಿವಿ ಮುಂದೆ ಕೂತು ಅವನನ್ನು ಬೈಯುವವರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಐತಿಹಾಸಿಕ ನಾಟಕದಲ್ಲಿ ನನಗೆ ಮಹಾಮಂತ್ರಿಯ ಪಾತ್ರ. ಯುವರಾಜನ ಮೇಲೆ ರಾಜನಿಗೆ ಅನುಮಾನ ಹುಟ್ಟಿಸಿ, ಕೊನೆಗೆ ಅವನನ್ನು ಗಡೀಪಾರು ಮಾಡಿಸುವವನು ನಾನು. ಪ್ರತಿ ದೃಶ್ಯದ ಕೊನೆಗೆ ಮೀಸೆ ತಿರುವಿ ಒಂದು ಕುಹಕದ ನಗೆ ನಗಬೇಕು ಅಂತ ನಿರ್ದೇಶಕರು ಹೇಳುತ್ತಾರೆ. ನನಗೆ ಯಾಕೋ ಸರಿ ಅನಿಸುತ್ತಿಲ್ಲ.

ಉತ್ತರ: ನಿಮಗೆ ಅನಿಸಿದ್ದೇ ಸರಿ. ಕೊನೇ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೂ ನಿಮ್ಮ ಮುಖದಲ್ಲಿ ಮೋಸ ಕಾಣುತ್ತದೆ ಅಂತಾದರೆ, ಪಕ್ಕದಲ್ಲೇ ಸಿಂಹಾಸನದ ಮೇಲೆ ಕೂತ ರಾಜನಿಗೆ ಯಾಕೆ ಕಾಣುವುದಿಲ್ಲ? ಕಾಣುವುದಿಲ್ಲ ಅಂದರೆ ರಾಜ ದಡ್ಡ. ದಡ್ಡನಿಗೆ ಟೋಪಿ ಹಾಕುವುದರಲ್ಲಿ ಏನು ದೊಡ್ಡ ಬುದ್ಧಿವಂತಿಕೆ ಇದೆ? ಆ ಒಂದು ನಗೆಯಿಂದ ನಿಮ್ಮ ಪಾತ್ರವೂ ಸಣ್ಣದಾಯಿತು, ರಾಜನ ಪಾತ್ರವೂ ಸಣ್ಣದಾಯಿತು, ಅಂಥ ಪೆದ್ದ ಅಪ್ಪನಿಗೆ ಮಗನಾಗಿ ಗಡೀಪಾರಾದ ಯುವರಾಜನ ದುಃಖಕ್ಕೂ ಬೆಲೆ ಇಲ್ಲದಂತಾಯಿತು.

ಮಂತ್ರಿ ಪಾತ್ರಕ್ಕೆ ಮೊದಲು ಬೇಕಾದದ್ದು ನಂಬಿಕೆ ಹುಟ್ಟಿಸುವ ಮುಖ. ನಾನೇ ರಾಜನಾಗಿದ್ದರೂ ಈ ಮನುಷ್ಯನ ಮಾತು ಕೇಳುತ್ತಿದ್ದೆ ಅಂತ ಪ್ರೇಕ್ಷಕನಿಗೆ ಅನಿಸಬೇಕು. ಅನಿಸಿದ ಮೇಲೆ ಅವನು ಮಾಡುವ ಅನ್ಯಾಯ ನೋಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಮೋಸ ಹೋದವರಲ್ಲಿ ಪ್ರೇಕ್ಷಕನೂ ಒಬ್ಬ.

ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ನಾಟಕದಲ್ಲಿ "ಯುವರಾಜರು ಇನ್ನೂ ಚಿಕ್ಕವರು, ಪ್ರಭು" ಅನ್ನುವಂಥ ಒಂದು ಮಾತು ಇದ್ದೇ ಇರುತ್ತದೆ. ಅದನ್ನು ಮೊದಲು ಕಣ್ಣು ಕಿರಿದು ಮಾಡಿ, ಎಳೆದೆಳೆದು ಹೇಳಿ. ಸಾಧಾರಣವಾಗಿ ಎಲ್ಲರೂ ಹೇಳುವುದೇ ಹೀಗೆ. ಆಮೇಲೆ ಅದೇ ಮಾತನ್ನು ಯುವರಾಜನ ಪರವಾಗಿ ವಾದ ಮಾಡುವ ಹಾಗೆ ಹೇಳಿ: ಹುಡುಗ ತಪ್ಪು ಮಾಡಿದ್ದಾನೆ, ನಿಜ, ಆದರೆ ಚಿಕ್ಕವನು, ಈ ಸಲ ಕ್ಷಮಿಸಿಬಿಡಿ ಅನ್ನುವ ಹಾಗೆ. ಎರಡನೇ ಸಲ ಹೇಳಿದಾಗ ಏನಾಯಿತು ಗಮನಿಸಿದಿರಾ? ಹುಡುಗ ತಪ್ಪು ಮಾಡಿದ್ದಾನೆ ಅಂತ ಯಾರೂ ಸಾಬೀತು ಮಾಡಿರಲಿಲ್ಲ. ನೀವು ಕ್ಷಮೆ ಕೇಳಿದ್ದರಿಂದಲೇ ತಪ್ಪು ಸಾಬೀತಾಗಿಬಿಟ್ಟಿತು. ಸಭೆಯಲ್ಲಿದ್ದವರೆಲ್ಲ ಮಂತ್ರಿ ಎಷ್ಟು ಒಳ್ಳೆಯವರು ಅಂದುಕೊಂಡರು. ಮೀಸೆ ತಿರುವುವ ಅಗತ್ಯವೇ ಬರಲಿಲ್ಲ, ಅಲ್ವಾ?

ಇನ್ನು ನಿರ್ದೇಶಕರ ಜೊತೆ ಜಗಳ ಬೇಡ. ನಗೆ ಬೇಕೇ ಬೇಕು ಅಂತ ಹಟ ಹಿಡಿದರೆ ಇಡೀ ನಾಟಕಕ್ಕೆ ಒಂದೇ ಸಲ ನಗುತ್ತೇನೆ ಅನ್ನಿ. ಅದೂ ರಂಗದ ಮೇಲೆ ಬೇರೆ ಯಾರೂ ಇಲ್ಲದಾಗ, ಗಡೀಪಾರಿನ ಆಜ್ಞೆಗೆ ಮುದ್ರೆ ಬಿದ್ದ ಮೇಲೆ.

ಪ್ರಶ್ನೆ: ಆಸ್ಥಾನದ ದೃಶ್ಯ ತುಂಬಾ ಉದ್ದ ಇದೆ ಸರ್. ಮಂತ್ರಿಗೆ ನಾಲ್ಕೇ ಮಾತು. ಉಳಿದ ಹೊತ್ತು ಸುಮ್ನೆ ನಿಂತಿರಬೇಕು. ಕೈ ಎಲ್ಲಿಡಬೇಕು, ಎಲ್ಲಿ ನೋಡಬೇಕು ಒಂದೂ ಗೊತ್ತಾಗುವುದಿಲ್ಲ.

ಉತ್ತರ: ಆ ನಾಲ್ಕು ಮಾತಿಗಿಂತ ಈ ಸುಮ್ನೆ ನಿಲ್ಲುವುದರಲ್ಲೇ ನಿಮ್ಮ ಪಾತ್ರ ಇರುವುದು. ಆಸ್ಥಾನದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ರಾಜ ಮಾತಾಡುವವನನ್ನು ನೋಡುತ್ತಾನೆ. ಉಳಿದವರೂ ಅವನನ್ನೇ ನೋಡುತ್ತಾರೆ. ಮಂತ್ರಿ ಮಾತ್ರ ಕೇಳಿಸಿಕೊಳ್ಳುವವರನ್ನು ನೋಡಬೇಕು. ದಂಡನಾಯಕ ಯುದ್ಧ ಬೇಡ ಅಂದಾಗ ಯಾರ ಮುಖ ಅರಳಿತು, ಯಾರು ತಲೆ ತಗ್ಗಿಸಿದರು, ರಾಣಿ ಯಾರ ಕಡೆ ನೋಡಿದಳು? ಇಷ್ಟನ್ನು ನಿಜವಾಗಿಯೂ ಲೆಕ್ಕ ಹಾಕುತ್ತ ನಿಂತರೆ ಸಾಕು. ನಟಿಸುವುದೇ ಬೇಡ, ಪ್ರೇಕ್ಷಕರ ಕಣ್ಣು ತಾನಾಗಿಯೇ ನಿಮ್ಮ ಮೇಲೆ ಬೀಳುತ್ತದೆ. ಆದರೆ ಕತ್ತು ಅತ್ತಿತ್ತ ತಿರುಗಿಸಬೇಡಿ, ಕಣ್ಣು ಮಾತ್ರ ಸರಿದರೆ ಸಾಕು. ಇನ್ನೊಬ್ಬರು ಮಾತಾಡುವಾಗ ಅಲ್ಲಾಡಿ ಗಮನ ಕಸಿಯುವುದು ಒಳ್ಳೆಯ ನಟನ ಲಕ್ಷಣ ಅಲ್ಲ.

ನಿಲ್ಲುವ ಜಾಗ ರಾಜನಿಗೆ ಸರಿಯಾಗಿ ಪಕ್ಕದಲ್ಲಿ ಬೇಡ. ಅರ್ಧ ಹೆಜ್ಜೆ ಹಿಂದೆ ಇರಲಿ. ಆಗ ನಿಮ್ಮ ಸಲಹೆ ಬೇಕಾದಾಗ ರಾಜನೇ ಕತ್ತು ತಿರುಗಿಸಬೇಕಾಗುತ್ತದೆ. ಮೊದಲ ಅಂಕದಲ್ಲಿ ಒಂದು ಸಲ ತಿರುಗಿಸುತ್ತಾನೆ, ಎರಡನೆಯದರಲ್ಲಿ ಮತ್ತೆ ಮತ್ತೆ, ಮೂರನೆಯದರಲ್ಲಿ ನಿಮ್ಮ ಕಡೆ ನೋಡದೆ ಏನೂ ತೀರ್ಮಾನ ಮಾಡುವುದಿಲ್ಲ. ರಾಜನ ಪಾತ್ರದವರ ಜೊತೆ ಕೂತು ಇದನ್ನು ಮೊದಲೇ ಮಾತಾಡಿಕೊಳ್ಳಿ. ರಾಜ್ಯ ಯಾರ ಕೈಗೆ ಹೋಯಿತು ಅಂತ ಹೇಳಲು ಬೇರೆ ಮಾತೇ ಬೇಡ. ರಾಜನ ಗತ್ತನ್ನು ಸುತ್ತಲಿನವರು ನಟಿಸಿ ತೋರಿಸಬೇಕು ಅನ್ನುವ ಮಾತು ರಂಗಭೂಮಿಯಲ್ಲಿ ಹಳೆಯದು. ಮಂತ್ರಿಯ ತಾಕತ್ತಿಗೂ ಅದೇ ಅನ್ವಯ.

ಕೈ ಬಗ್ಗೆ ಹೇಳುವುದಾದರೆ, ಉಜ್ಜಬೇಡಿ. ಅಂಗೈ ಉಜ್ಜುವುದು, ಗಡ್ಡ ನೀವುವುದು, ಉಂಗುರ ತಿರುಗಿಸುವುದು, ಮೂರನ್ನೂ ಇಷ್ಟು ಜನ ಮಾಡಿಬಿಟ್ಟಿದ್ದಾರೆ ಅಂದರೆ ಮಕ್ಕಳೂ ನೋಡಿದ ಕೂಡಲೇ ಇವನೇ ಕಳ್ಳ ಅಂತ ಹೇಳಿಬಿಡುತ್ತಾರೆ. ಕೈಯಲ್ಲಿ ಒಂದು ಓಲೆಯ ಸುರುಳಿ ಹಿಡಿದುಕೊಳ್ಳಿ. ಕೈಗೂ ಕೆಲಸ ಸಿಕ್ಕಿತು, ಅದರಲ್ಲಿ ಏನು ಬರೆದಿದೆಯೋ ಅನ್ನುವ ಕುತೂಹಲವೂ ಉಳಿಯಿತು.

ಪ್ರಶ್ನೆ: ಮುದ್ರಾರಾಕ್ಷಸದ ಕಥೆ ಆಧರಿಸಿದ ನಾಟಕದಲ್ಲಿ ಚಾಣಕ್ಯನ ಪಾತ್ರ ಮಾಡುತ್ತಿದ್ದೇನೆ. ಅವನು ನಾಯಕನೋ ಖಳನಾಯಕನೋ ಅಂತಲೇ ತಿಳಿಯುತ್ತಿಲ್ಲ. ಮಾಡುವುದೆಲ್ಲ ಮೋಸ, ಆದರೆ ನಾಟಕ ಅವನ ಪರವಾಗಿಯೇ ಇದೆಯಲ್ಲ?

ಉತ್ತರ: ಒಳ್ಳೆಯ ಪಾತ್ರ ಸಿಕ್ಕಿದೆ ನಿಮಗೆ, ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿದೆ. ವಿಶಾಖದತ್ತ ಸಂಸ್ಕೃತದಲ್ಲಿ ಬರೆದ ಈ ಏಳು ಅಂಕಗಳ ನಾಟಕದಲ್ಲಿ ಯುದ್ಧ ಇಲ್ಲ, ಪ್ರೇಮಕಥೆ ಇಲ್ಲ, ಹೆಣ್ಣುಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಇಬ್ಬರು ಮಂತ್ರಿಗಳ ಪೈಪೋಟಿ. ನಂದರನ್ನು ಕಿತ್ತುಹಾಕಿ ಚಂದ್ರಗುಪ್ತನನ್ನು ಕೂರಿಸಿದ ಚಾಣಕ್ಯ ಒಂದು ಕಡೆ, ನಂದರು ಸತ್ತ ಮೇಲೂ ನಿಷ್ಠೆ ಬಿಡದ ಅಮಾತ್ಯ ರಾಕ್ಷಸ ಇನ್ನೊಂದು ಕಡೆ. ಚಾಣಕ್ಯನಿಗೆ ರಾಕ್ಷಸನನ್ನು ಕೊಲ್ಲುವ ಉದ್ದೇಶವೇ ಇಲ್ಲ. ಅಂಥ ನಿಷ್ಠಾವಂತ ಚಂದ್ರಗುಪ್ತನಿಗೆ ಮಂತ್ರಿಯಾಗಬೇಕು, ಅದೇ ಅವನ ಹಟ. ಎದುರಾಳಿಯ ಯೋಗ್ಯತೆ ಚೆನ್ನಾಗಿ ಗೊತ್ತಿರುವುದರಿಂದಲೇ ಈ ಎಲ್ಲ ಕುತಂತ್ರ. ಈ ಮರ್ಯಾದೆ ನಿಮ್ಮ ಧ್ವನಿಯಲ್ಲಿ ಇರಲಿ. ರಾಕ್ಷಸನ ಹೆಸರು ಹೇಳುವಾಗ ಹಲ್ಲು ಕಚ್ಚಬೇಡಿ.

ಮೊದಲ ಅಂಕದ ಪತ್ರದ ಪ್ರಸಂಗ ನೋಡಿ. ಯಮಪಟ, ಅಂದರೆ ಯಮನ ಚಿತ್ರ ಬರೆದ ಬಟ್ಟೆ, ತೋರಿಸುತ್ತ ಮನೆಮನೆ ಸುತ್ತುವ ಚಾಣಕ್ಯನ ಗೂಢಚಾರನಿಗೆ ರಾಕ್ಷಸನ ಮುದ್ರೆಯುಂಗುರ ಸಿಗುತ್ತದೆ. ರಾಕ್ಷಸನ ಹೆಂಡತಿಯ ಬೆರಳಿಂದ ಜಾರಿ ಬಿದ್ದದ್ದು. ಅದು ಕೈಗೆ ಬಂದ ಕ್ಷಣದಲ್ಲೇ ಚಾಣಕ್ಯನ ತಲೆಯಲ್ಲಿ ಇಡೀ ಉಪಾಯ ತಯಾರಾಗುತ್ತದೆ. ಪತ್ರ ಬರೆಯುವವನು ಶಕಟದಾಸ, ಅಂದರೆ ರಾಕ್ಷಸನ ಕಡೆಯವನೇ. ಏನು ಬರೆಯುತ್ತಿದ್ದೇನೆ, ಯಾರಿಗಾಗಿ ಬರೆಯುತ್ತಿದ್ದೇನೆ ಅನ್ನುವುದು ಅವನಿಗೇ ತಿಳಿಯದ ಹಾಗೆ ಬರೆಸುತ್ತಾರೆ. ಮೇಲೆ ರಾಕ್ಷಸನ ಮುದ್ರೆ. ಅಕ್ಷರ ಅವನ ಸ್ನೇಹಿತನದು, ಮುದ್ರೆ ಅವನದು, ಕುತ್ತಿಗೆಗೆ ಬರುವುದೂ ಅವನಿಗೇ. ಈ ದೃಶ್ಯದಲ್ಲಿ ಕೆಲವರು ಉಂಗುರ ಸಿಕ್ಕ ಕೂಡಲೇ ಎದ್ದು ನಿಂತು ಕೈ ಮೇಲೆತ್ತಿ ಅಬ್ಬರಿಸುತ್ತಾರೆ. ನನ್ನ ಕೇಳಿದರೆ ಅಲ್ಲಿ ಕೂತೇ ಇರಬೇಕು. ಉಂಗುರವನ್ನು ಒಂದು ಸಲ ನೋಡಿ ಅದರ ಮೇಲಿನ ಹೆಸರು ಓದಿಕೊಳ್ಳಿ. ಸ್ವಲ್ಪ ಹೊತ್ತು ಏನೂ ಮಾಡಬೇಡಿ. ಪ್ರೇಕ್ಷಕ ನಿಮ್ಮ ತಲೆ ಓಡುವುದನ್ನು ನೋಡಲಿ. ಆಮೇಲೆ ಮಾಮೂಲಿ ದನಿಯಲ್ಲಿ ಬರೆಯುವ ಸಾಮಾನು ತರಿಸಿ.

ಮೂರನೇ ಅಂಕ ಇನ್ನೂ ಕಷ್ಟ, ಇನ್ನೂ ಮಜಾ. ಕೌಮುದೀ ಮಹೋತ್ಸವವನ್ನು, ಅಂದರೆ ಬೆಳದಿಂಗಳ ಹಬ್ಬವನ್ನು, ಚಾಣಕ್ಯ ನಿಲ್ಲಿಸಿದ ಅನ್ನುವ ನೆಪದಲ್ಲಿ ಚಂದ್ರಗುಪ್ತನಿಗೂ ಅವನಿಗೂ ಎಲ್ಲರೆದುರು ಜಗಳ ಆಗುತ್ತದೆ. ಅದು ನಾಟಕದೊಳಗಿನ ನಾಟಕ. ಗುರುಶಿಷ್ಯರು ಕೆಟ್ಟುಕೊಂಡರು ಅಂತ ರಾಕ್ಷಸನ ಗೂಢಚಾರರು ನಂಬಬೇಕು, ಅದಕ್ಕೇ ಇಬ್ಬರೂ ಸೇರಿ ಹೂಡಿದ ಆಟ. ಆದರೆ ಮಾತು ಬಿಸಿಯಾಗುತ್ತ ಹೋದ ಹಾಗೆ, ಗುರುಗಳಿಗೆ ನಿಜವಾಗಿಯೇ ಸಿಟ್ಟು ಬಂತೇ ಅಂತ ಚಂದ್ರಗುಪ್ತನಿಗೇ ದಿಗಿಲಾಗುತ್ತದೆ. ನಟನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಪೂರ್ತಿ ನಾಟಕ ಅಂತ ಪ್ರೇಕ್ಷಕನಿಗೆ ಗೊತ್ತಾದರೆ ಗೂಢಚಾರರು ಪೆದ್ದರಾಗುತ್ತಾರೆ, ಪೂರ್ತಿ ನಿಜ ಅನಿಸಿದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಿಜವಾದ ಸಿಟ್ಟನ್ನೇ ತನ್ನಿ. ಅಷ್ಟು ದಿನ ಹಿಂದೆ ನಿಂತು ದುಡಿದವನಿಗೆ, ತಾನೇ ಮೇಲೆ ತಂದ ಹುಡುಗ ಎದುರು ಮಾತಾಡಿದಾಗ ಎಲ್ಲೋ ಒಂದು ಕಡೆ ಚುಚ್ಚದೇ ಇರುತ್ತದಾ, ಅದು ನಟನೆಯೇ ಆದರೂ?

ನಾಯಕನೋ ಖಳನೋ ಅನ್ನುವ ತೀರ್ಮಾನ ನಿಮ್ಮದಲ್ಲ, ಬಿಟ್ಟುಬಿಡಿ. ಕೊನೆಗೆ ಸ್ನೇಹಿತ ಚಂದನದಾಸನ ಪ್ರಾಣ ಉಳಿಸಲು ರಾಕ್ಷಸ ತಾನಾಗಿಯೇ ಬಂದು ಶರಣಾಗುತ್ತಾನೆ. ಅಂದರೆ ಚಾಣಕ್ಯ ಗೆದ್ದದ್ದು ಎದುರಾಳಿಯ ದೌರ್ಬಲ್ಯದಿಂದ ಅಲ್ಲ, ಅವನ ಒಳ್ಳೆಯತನದಿಂದ. ಇದಕ್ಕೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಅಂತ ಜನ ಒದ್ದಾಡಲಿ. ಈ ಕಥೆ ನಮಗೆ ಹೊಸದೂ ಅಲ್ಲ. ಕೆಂಪುನಾರಾಯಣ 1823ರಲ್ಲೇ ಇದನ್ನು 'ಮುದ್ರಾಮಂಜೂಷ'ದಲ್ಲಿ ಕನ್ನಡ ಗದ್ಯಕ್ಕೆ ತಂದಿದ್ದಾನೆ. ಪಾತ್ರ ಮಾಡುವ ಮೊದಲು ಸಿಕ್ಕರೆ ಓದಿ, ಭಾಷೆ ಹಳೆಯದಾದರೂ ಬೇಹುಗಾರಿಕೆಯ ಒಳಸುಳಿಗಳು ಇನ್ನೂ ಹೊಸದಾಗಿಯೇ ಇವೆ.

ಪ್ರಶ್ನೆ: ದೂರದರ್ಶನದಲ್ಲಿ ಬಂದ ಚಾಣಕ್ಯ ಧಾರಾವಾಹಿ ಈಗಲೂ ನೆನಪಿದೆ. ಆ ನಟ ಯಾರು? ಬೇರೆ ಪಾತ್ರಗಳಲ್ಲಿ ನೋಡಿದ ನೆನಪಿಲ್ಲ.

ಉತ್ತರ: ಚಂದ್ರಪ್ರಕಾಶ್ ದ್ವಿವೇದಿ. 1991-92ರಲ್ಲಿ ಬಂದ ಆ ಧಾರಾವಾಹಿಯನ್ನು ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ, ಚಾಣಕ್ಯನಾಗಿ ನಟಿಸಿದವರೂ ಅವರೇ. ಮುಂದೆ ನಿರ್ದೇಶಕರಾಗಿಯೇ ಹೆಸರು ಮಾಡಿದರು.

ಪ್ರಶ್ನೆ: ನಾವು ಆಡುತ್ತಿರುವ ನಾಟಕದಲ್ಲಿ ತಿಮ್ಮರಸು ಕೃಷ್ಣದೇವರಾಯನ ಮಗನಿಗೆ ವಿಷ ಹಾಕಿಸಿದ ಅಂತ ಇದೆ. ಕೆಲವರು ಇದಕ್ಕೆ ತಕರಾರು ಮಾಡುತ್ತಿದ್ದಾರೆ. ಇತಿಹಾಸದಲ್ಲಿ ಹಾಗೆ ಇದೆಯಾ? ತಿಮ್ಮರಸುವನ್ನು ಕುತಂತ್ರಿಯಾಗಿ ತೋರಿಸುವುದು ತಪ್ಪಾ?

ಉತ್ತರ: ವಿಷ ಹಾಕಿಸಿದ ಅಂತ ಸಾಬೀತಾಗಿಲ್ಲ. ಹಾಗೊಂದು ಆರೋಪ ಬಂತು, ರಾಜ ಅದನ್ನು ನಂಬಿದ, ಇಷ್ಟೇ. ಈ ಕಥೆ ವಿವರವಾಗಿ ಸಿಗುವುದು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರವಣಿಗೆಯಲ್ಲಿ. ಅವನು ವಿಜಯನಗರದಲ್ಲಿದ್ದದ್ದು 1535ರಿಂದ 1537ರ ಸುಮಾರಿಗೆ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅಂದರೆ ನೂನಿಜ್ ಕಣ್ಣಾರೆ ಕಂಡದ್ದಲ್ಲ, ಅಲ್ಲಿಯವರು ಹೇಳಿದ್ದನ್ನು ಕೇಳಿ ಬರೆದದ್ದು.

ಅವನು ಹೇಳುವ ಪ್ರಕಾರ, ಕೃಷ್ಣದೇವರಾಯನ ಅಣ್ಣ ವೀರನರಸಿಂಹ ಸಾಯುವ ಹೊತ್ತಿಗೆ ತನ್ನ ಎಂಟು ವರ್ಷದ ಮಗನಿಗೆ ಪಟ್ಟ ಸಿಗಲಿ ಅಂತ ತಮ್ಮನ ಕಣ್ಣು ಕೀಳಿಸಲು ತಿಮ್ಮರಸುವಿಗೆ ಆಜ್ಞೆ ಕೊಡುತ್ತಾನೆ. ತಿಮ್ಮರಸು ಮೇಕೆಯ ಕಣ್ಣು ತಂದು ತೋರಿಸಿ, ಕೃಷ್ಣದೇವರಾಯನನ್ನು ಉಳಿಸಿ ಪಟ್ಟಕ್ಕೆ ತರುತ್ತಾನೆ. ಮುಂದೆ ಕೃಷ್ಣದೇವರಾಯ ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದಾಗ ಆ ಮಗು ಸಾಯುತ್ತದೆ. ವಿಷ ಹಾಕಿದವನು ತಿಮ್ಮರಸುವಿನ ಮಗ ಅನ್ನುವ ಮಾತು ರಾಜನ ಕಿವಿಗೆ ಬೀಳುತ್ತದೆ. ರಾಜ ತಿಮ್ಮರಸುವನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿ ಕಣ್ಣು ಕೀಳಿಸುತ್ತಾನೆ. ಯಾರ ಕಣ್ಣು ಉಳಿಸಿದ್ದನೋ ಅವನೇ ಇವನ ಕಣ್ಣು ಕೀಳಿಸಿದ. ಇದೆಲ್ಲ ಅಕ್ಷರಶಃ ನಡೆಯಿತೋ ಇಲ್ಲವೋ, ನಾಟಕಕಾರರಿಗೆ ಮಾತ್ರ ಬಿಡಲಾರದಂಥ ಕಥೆ.

ನಮ್ಮ ಸಿನಿಮಾದವರು ತಿಮ್ಮರಸುವನ್ನು ಅಪ್ಪಾಜಿಯಾಗಿಯೇ ನೋಡಿದ್ದು ಹೆಚ್ಚು. 1970ರ 'ಶ್ರೀಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ರಾಜ, ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರಸು. ತೆಲುಗಿನಲ್ಲಿ 1962ರಲ್ಲಿ ತಿಮ್ಮರಸುವಿನ ಹೆಸರಲ್ಲೇ ಸಿನಿಮಾ ಬಂತು, ಗುಮ್ಮಡಿ ಮಾಡಿದ್ದರು. ನಿಮ್ಮ ನಾಟಕಕ್ಕೆ ತಕರಾರು ಬರಲು ಇದೂ ಒಂದು ಕಾರಣ. ಜನರ ಮನಸ್ಸಲ್ಲಿ ಆ ಮುಖಗಳು ಕೂತುಬಿಟ್ಟಿವೆ.

ಕುತಂತ್ರಿ ಅನ್ನುವುದನ್ನೇ ಬೇಕಾದರೆ ಸ್ವಲ್ಪ ಯೋಚಿಸಿ. ಮೇಕೆಯ ಕಣ್ಣು ತೋರಿಸಿದ್ದು ಏನು? ಸಾಯುತ್ತಿರುವ ರಾಜನಿಗೆ ಮಾಡಿದ ಹಸೀ ಮೋಸ. ಅದನ್ನು ನಾವು ನಿಷ್ಠೆ ಅಂತೀವಿ, ಯಾಕೆಂದರೆ ಮುಂದೆ ಬಂದವನು ಕೃಷ್ಣದೇವರಾಯ. ಎಂಟು ವರ್ಷದ ಆ ಹುಡುಗನ ಕಡೆಯಿಂದ ಈ ನಾಟಕ ಬರೆದರೆ ತಿಮ್ಮರಸು ಮೊದಲ ಅಂಕದಲ್ಲೇ ಖಳನಾಯಕ. ನಾನು ನಿಮ್ಮ ಜಾಗದಲ್ಲಿದ್ದರೆ ವಿಷದ ದೃಶ್ಯವನ್ನು ರಂಗದ ಮೇಲೆ ತೋರಿಸುವುದಿಲ್ಲ. ಆರೋಪ ಬರುತ್ತದೆ, ತಿಮ್ಮರಸು ನಿಂತು ಕೇಳುತ್ತಾನೆ. ಅವನ ಮುಖ ನೋಡಿ ಸಭಾಂಗಣದ ಅರ್ಧ ಜನ ಹೌದು ಅನ್ನಬೇಕು, ಇನ್ನರ್ಧ ಇಲ್ಲ ಅನ್ನಬೇಕು. ಆಗ ರಾಜನ ತೀರ್ಪು ಬಂದಾಗ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ. ವಿಷ ಹಾಕುವುದನ್ನು ಮೊದಲೇ ತೋರಿಸಿಬಿಟ್ಟರೆ ಉಳಿಯುವುದು ಬರೀ ಶಿಕ್ಷೆ. ಇತಿಹಾಸಕ್ಕೂ ಇದೇ ಹತ್ತಿರ, ತಕರಾರು ಮಾಡುವವರಿಗೂ ಉತ್ತರ ಆಯಿತು.

ಪ್ರಶ್ನೆ: ಧಾರಾವಾಹಿಗಳಲ್ಲಿ ಮಂತ್ರಿ ಬಾಯಿ ತೆಗೆದರೆ ಸಾಕು, ಢಣ್ ಢಣ್ ಅಂತ ಸಂಗೀತ, ಎಲ್ಲರ ಮುಖಕ್ಕೂ ಮೂರು ಮೂರು ಸಲ ಕ್ಲೋಸಪ್. ಯಾಕೆ ಹೀಗೆ?

ಉತ್ತರ: ವಾರಕ್ಕೆ ಐದಾರು ಕಂತು ತುಂಬಿಸಬೇಕಲ್ಲ! ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಅರ್ಧ ಕಿವಿಯಲ್ಲಿ ಕೇಳುವವರಿಗೂ ಈಗೇನೋ ಆಯಿತು ಅಂತ ಗೊತ್ತಾಗಲಿ ಅನ್ನುವ ಲೆಕ್ಕವೂ ಇದೆ. ಇದರಲ್ಲಿ ನಟರದ್ದು ತಪ್ಪಿಲ್ಲ. ಜಾಣ ನಟರು ಸಂಗೀತ ಹೇಗೂ ಕೂಗುತ್ತದೆ ಅಂತ ತಾವು ಸುಮ್ಮನಾಗುತ್ತಾರೆ. ಟಿವಿಯ ದನಿ ಪೂರ್ತಿ ಕಡಿಮೆ ಮಾಡಿ ಒಂದು ಕಂತು ನೋಡಿ, ಯಾರು ನಟಿಸುತ್ತಿದ್ದಾರೆ, ಯಾರು ಬರೀ ಹುಬ್ಬು ಹಾರಿಸುತ್ತಿದ್ದಾರೆ ಅಂತ ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ಸ್ವಗತದ ಮಾತುಗಳನ್ನು ಹೇಗೆ ಹೇಳುವುದು? ರಾಜ ಅಲ್ಲೇ ನಿಂತಿರುತ್ತಾನೆ, ನಾನು ಪ್ರೇಕ್ಷಕರ ಕಡೆ ತಿರುಗಿ "ಇವನ ಅಂತ್ಯ ಹತ್ತಿರವಾಯಿತು" ಅನ್ನಬೇಕು. ಜನ ನಗುತ್ತಾರೆ.

ಉತ್ತರ: ನೀವು ಪಿಸುಗುಟ್ಟುತ್ತೀರಿ ಅಂತ ಕಾಣುತ್ತದೆ, ಅದಕ್ಕೇ ನಗು. ಪಿಸುಗುಟ್ಟಿದರೆ ರಾಜನಿಗೆ ಕೇಳಿಸಬಾರದು ಅನ್ನುವ ಭಯ ನಿಮಗಿದೆ ಅಂತಾಯಿತು. ಭಯ ಇದ್ದರೆ ಪ್ರೇಕ್ಷಕನಿಗೂ ಅಯ್ಯೋ ಕೇಳಿಸಲ್ವಾ ಅನ್ನುವ ಅನುಮಾನ ಬರುತ್ತದೆ. ನಮ್ಮ ಹಳೆಯ ರಂಗಪದ್ಧತಿಯಲ್ಲಿ ಇದಕ್ಕೆ ಸೊಗಸಾದ ಏರ್ಪಾಡಿತ್ತು. ತನ್ನೊಳಗೇ ಆಡಿಕೊಳ್ಳುವ ಮಾತು ಸ್ವಗತ. ಉಳಿದವರಿಗೆ ಕೇಳಿಸದಂತೆ ಒಬ್ಬನ ಜೊತೆ ಮಾತ್ರ ಆಡುವ ಮಾತು ಜನಾಂತಿಕ, ಅದಕ್ಕೆ ತ್ರಿಪತಾಕ ಹಸ್ತವನ್ನು, ಅಂದರೆ ಉಂಗುರದ ಬೆರಳು ಮಾತ್ರ ಮಡಚಿದ ಕೈಯನ್ನು, ಅಡ್ಡ ಹಿಡಿಯಬೇಕು. ಕೈ ಅಡ್ಡ ಬಂತು ಅಂದರೆ ಮುಗಿಯಿತು, ಅದು ಗೋಡೆ. ಪ್ರೇಕ್ಷಕ ಒಪ್ಪಿಕೊಂಡುಬಿಡುತ್ತಾನೆ.

ನೀವೂ ಒಂದು ಗುರುತು ಇಟ್ಟುಕೊಳ್ಳಿ. ಒಂದು ಹೆಜ್ಜೆ ಮುಂದೆ ಬರುವುದು, ಬೆಳಕು ಸ್ವಲ್ಪ ಬದಲಾಗುವುದು, ಏನಾದರೂ ಸರಿ. ಮೊದಲ ಸಲ ಮಾಡಿದಂತೆಯೇ ಪ್ರತಿ ಸಲ ಮಾಡಿ. ಆಮೇಲೆ ಪೂರ್ಣ ದನಿಯಲ್ಲಿ, ಜನರನ್ನು ನಿಮ್ಮ ಕಡೆಯವರು ಅಂತ ತಿಳಿದು, ಅವರ ಸಲಹೆ ಕೇಳುವ ಹಾಗೆ ಹೇಳಿ. ಮಂತ್ರಿ ರಂಗದ ಮೇಲೆ ಎಲ್ಲರಿಗೂ ಸುಳ್ಳು ಹೇಳುತ್ತಾನೆ, ನಿಜ ಹೇಳುವುದು ಪ್ರೇಕ್ಷಕರಿಗೆ ಮಾತ್ರ. ಅದಕ್ಕೇ ಜನ ಅವನನ್ನು ಬೈಯುತ್ತಲೇ ಅವನ ದೃಶ್ಯಕ್ಕೆ ಕಾಯುತ್ತಾರೆ. ಮೊದಲ ಉತ್ತರದಲ್ಲಿ ಮುಖದಲ್ಲಿ ಮೋಸ ಕಾಣಬಾರದು ಅಂದೆನಲ್ಲ, ಸ್ವಗತ ಇರುವ ನಾಟಕದಲ್ಲಿ ಅದು ಇನ್ನೂ ಸುಲಭ. ವಿಷವೆಲ್ಲ ಸ್ವಗತದಲ್ಲಿ ಹೊರಗೆ ಹೋಗುತ್ತದೆ, ರಾಜನ ಕಡೆ ತಿರುಗಿದಾಗ ಮುಖ ಶುಭ್ರ. "ಇವನ ಅಂತ್ಯ ಹತ್ತಿರವಾಯಿತು" ಅನ್ನುವ ವಾಕ್ಯ ಮಾತ್ರ ಬದಲಾಯಿಸಲು ನಾಟಕಕಾರರನ್ನು ಕೇಳಿ ನೋಡಿ, ಅದನ್ನು ಯಾರು ಹೇಗೆ ಹೇಳಿದರೂ ಸ್ವಲ್ಪ ನಗು ಬರುತ್ತದೆ.

ಪ್ರಶ್ನೆ: ಗಿರೀಶ ಕಾರ್ನಾಡರ 'ತುಘಲಕ್' ಮಾಡುತ್ತಿದ್ದೇವೆ. ನನಗೆ ಸುಲ್ತಾನನ ಮಂತ್ರಿ ನಜೀಬ್‌ನ ಪಾತ್ರ. ತುಘಲಕ್ ಮಾಡುವವರೇ ಎಲ್ಲ ಚಪ್ಪಾಳೆ ತೆಗೆದುಕೊಂಡು ಹೋಗುತ್ತಾರೆ. ನಜೀಬ್‌ಗೆ ಏನಿದೆ?

ಉತ್ತರ: ಚಪ್ಪಾಳೆ ಅವರೇ ತೆಗೆದುಕೊಳ್ಳಲಿ, 1964ರಿಂದಲೂ ಅದು ಹಾಗೇ. ಕನ್ನಡದಲ್ಲಿ ಸಿ.ಆರ್. ಸಿಂಹ ಅವರಂಥವರು ಮಾಡಿದ ಪಾತ್ರ ಅದು. ಆದರೆ ನಜೀಬ್ ಉಳಿದ ಕುತಂತ್ರಿ ಮಂತ್ರಿಗಳಂತೆ ಅಲ್ಲ. ಅವನು ಸುಲ್ತಾನನಿಗೆ ಮೋಸ ಮಾಡುವುದೇ ಇಲ್ಲ. ಸುಲ್ತಾನ ಬಾಯಿಬಿಟ್ಟು ಹೇಳಲಾರದ ಯೋಚನೆಯನ್ನು ಇವನು ಹತ್ತಿರ ತಂದು ಇಡುತ್ತಾನೆ. ಶೇಖ್ ಇಮಾಮುದ್ದೀನ್ ನೋಡಲು ಸುಲ್ತಾನನ ಹಾಗೇ ಇದ್ದಾನೆ ಅನ್ನುವ ಮಾತು ಬರುತ್ತದಲ್ಲ, ಆಮೇಲೆ ಆ ಶೇಖ್ ಸುಲ್ತಾನನ ಉಡುಪು ತೊಟ್ಟು ಸಂಧಾನಕ್ಕೆ ಹೋಗಿ ಸಾಯುತ್ತಾನೆ. ಆ ಹೋಲಿಕೆಯ ಮಾತನ್ನು ತೀರಾ ಹಗುರವಾಗಿ ಆಡಿ, ಸಭೆಯಲ್ಲಿ ಹೊತ್ತು ಹೋಗಲಿ ಅಂತ ಆಡಿದ ಹಾಗೆ. ಉಳಿದದ್ದನ್ನು ಸುಲ್ತಾನ ಮಾಡಿಕೊಳ್ಳುತ್ತಾನೆ. ಪಕ್ಕದಲ್ಲೇ ಇತಿಹಾಸಕಾರ ಬರನಿ ನಿಂತಿರುತ್ತಾನೆ, ಅವನಿಗೆ ಎಲ್ಲದರಲ್ಲೂ ನೀತಿ ಬೇಕು. ಬರನಿಯನ್ನು ನೀವು ತಿರಸ್ಕಾರದಿಂದ ನೋಡಬೇಡಿ, ಪಾಪ ಓದಿದವನು ಅನ್ನುವ ಹಾಗೆ ಸಹಿಸಿಕೊಳ್ಳಿ. ಅದು ಹೆಚ್ಚು ಉರಿಯುತ್ತದೆ.

ಇನ್ನೊಂದು ವಿಷಯ. ಇಷ್ಟೆಲ್ಲ ಲೆಕ್ಕಾಚಾರದ ನಜೀಬ್‌ನನ್ನು ಕೊಲ್ಲಿಸುವುದು ಸುಲ್ತಾನನ ಮಲತಾಯಿ, ಅವಳು ಮಾಡಿಸಿದ್ದು ಮಗನ ಒಳ್ಳೆಯದಕ್ಕೆ ಅಂತಲೇ. ಹೆಂಗಸರಿಗೆ ಇಂಥ ಪಾತ್ರ ಕಡಿಮೆ ಯಾಕೆ ಅಂತ ಒಬ್ಬ ನಟಿ ಕೇಳಿದ್ದರು. ಅವರಿಗೂ ಉತ್ತರ ಇಲ್ಲೇ ಇದೆ: ರಾಜಮಾತೆಯ ಪಾತ್ರವನ್ನು ಬರೀ ಕಣ್ಣೀರಿನ ಪಾತ್ರ ಅಂತ ತಿಳಿದು ಬಿಟ್ಟುಕೊಡಬೇಡಿ.

ಪ್ರಶ್ನೆ: ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಸಿನಿಮಾದಲ್ಲಿ ನೀಚ, ಇನ್ನೊಂದು ಧಾರಾವಾಹಿಯಲ್ಲಿ ಮನಸ್ಸಿಗೆ ಹತ್ತಿರ. ಯಾವುದು ನಿಜ?

ಉತ್ತರ: ಕ್ಯಾಮೆರಾ ಯಾರ ಮನೆಯಲ್ಲಿ ಇಟ್ಟಿದ್ದಾರೆ ನೋಡಿ. 1966ರ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಥಾಮಸ್ ಮೋರ್‌ನ ಕಥೆ, ಅಲ್ಲಿ ಲಿಯೋ ಮೆಕರ್ನ್ ಮಾಡಿದ ಕ್ರಾಮ್‌ವೆಲ್ ಬೇಟೆಗಾರ. 2015ರಲ್ಲಿ ಬಿಬಿಸಿಯಲ್ಲಿ ಬಂದ 'ವುಲ್ಫ್ ಹಾಲ್' ಕ್ರಾಮ್‌ವೆಲ್‌ನದೇ ಕಥೆ, ಅಲ್ಲಿ ಮೋರ್ ಅಷ್ಟೇನೂ ಒಳ್ಳೆಯವನಲ್ಲ. ಇಬ್ಬರೂ ಅದೇ ಎಂಟನೇ ಹೆನ್ರಿಯ ಆಸ್ಥಾನದವರು. 'ವುಲ್ಫ್ ಹಾಲ್'ನಲ್ಲಿ ಮಾರ್ಕ್ ರೈಲೆನ್ಸ್ ಮಾಡುವುದನ್ನು ನಟರೆಲ್ಲ ಒಂದು ಸಲ ನೋಡಬೇಕು. ದೃಶ್ಯದುದ್ದಕ್ಕೂ ಅವರು ಮಾಡುವುದು ಬಹುಪಾಲು ಕೇಳಿಸಿಕೊಳ್ಳುವ ಕೆಲಸ. ಬೇರೆಯವರು ಕೂಗಾಡುತ್ತಾರೆ, ಇವರು ಟೋಪಿಯ ಕೆಳಗಿಂದ ನೋಡುತ್ತಾರೆ. ಕಂಬಾರನ ಮಗನಾಗಿ ಹುಟ್ಟಿ ರಾಜನ ಬಲಗೈ ಆದವನು ಒಂದು ಮಾತು ಜಾಸ್ತಿ ಆಡಿದರೂ ತಲೆ ಹೋಗುತ್ತದೆ ಅನ್ನುವುದು ಆ ನಿಂತ ಭಂಗಿಯಲ್ಲೇ ಗೊತ್ತಾಗುತ್ತದೆ. ತಲೆ ಹೋಗಿದ್ದೂ ನಿಜ, 1540ರ ಜುಲೈ 28ರಂದು. ಅದೇ ದಿನ ಹೆನ್ರಿ ಐದನೇ ಮದುವೆ ಮಾಡಿಕೊಂಡ.

ಪ್ರಶ್ನೆ: ನಮ್ಮ ಅತ್ತೆ ಧಾರಾವಾಹಿಯ ಮಂತ್ರಿಗೆ ದಿನಾ ಶಾಪ ಹಾಕುತ್ತಾರೆ. ಆ ನಟನಿಗೆ ಬೇಜಾರಾಗಲ್ವಾ?

ಉತ್ತರ: ಆಗಲ್ಲ. ಶಾಪ ನಿಂತ ದಿನ ಬೇಜಾರಾಗುತ್ತದೆ. ಅತ್ತೆಯವರಿಗೆ ಮುಂದುವರಿಸಲು ಹೇಳಿ. ರಸ್ತೆಯಲ್ಲಿ ಸಿಕ್ಕಾಗ ಕಲ್ಲು ಹೊಡೆಯದಿದ್ದರೆ ಆಯಿತು.

ಪ್ರಶ್ನೆ: ಮೇಕಪ್ ಮತ್ತು ವೇಷದ ಬಗ್ಗೆ ಸ್ವಲ್ಪ ಹೇಳಿ ಸರ್. ಕಪ್ಪು ಉಡುಪು, ಚೂಪು ಗಡ್ಡ, ಬೆನ್ನು ಬಾಗಿಸುವುದು, ಇಷ್ಟೂ ಹೇಳಿದ್ದಾರೆ.

ಉತ್ತರ: ಬೆನ್ನು ಬಾಗಿಸುವುದನ್ನು ಮೊದಲು ಬಿಡಿ. ಮೈಯಲ್ಲಿ ಊನ ಇದ್ದವರು ಮನಸ್ಸಲ್ಲೂ ಕೆಟ್ಟವರು ಅನ್ನುವ ಆ ಹಳೇ ಚಾಳಿ ಸಾಕು. ಕಪ್ಪು ಬಟ್ಟೆ ಬೇಡ, ರಾಜನ ಉಡುಪಿನ ಬಣ್ಣವೇ ಸ್ವಲ್ಪ ಮಾಸಲಾಗಿ ಇರಲಿ. ಅಂಕದಿಂದ ಅಂಕಕ್ಕೆ ನಿಮ್ಮ ಬಟ್ಟೆ ಸ್ವಲ್ಪ ಸ್ವಲ್ಪವೇ ಒಳ್ಳೆಯದಾಗುತ್ತ ಹೋದರೆ ಕೆಲವರು ಗಮನಿಸುತ್ತಾರೆ, ಗಮನಿಸದವರಿಗೂ ಏನೋ ಬದಲಾಯಿತು ಅನಿಸುತ್ತದೆ. ಗಡ್ಡ ಅಂಟಿಸುವುದಾದರೆ ಬಾಯಿಯ ಎರಡೂ ಮೂಲೆಗಳಲ್ಲಿ ಅಂಟು ಗಟ್ಟಿಯಾಗಿರಲಿ, ಮಾತಾಡುವಾಗ ಮೊದಲು ಬಿಡುವುದೇ ಅಲ್ಲಿ. ಬೆವರು ಒರೆಸಿ, ಚರ್ಮ ಒಣಗಿಸಿ, ಆಮೇಲೆ ಹಚ್ಚಿ. ರಾಜನಿಗೆ ಗುಟ್ಟು ಹೇಳುವ ಹೊತ್ತಿನಲ್ಲಿ ಅರ್ಧ ಮೀಸೆ ನೇತಾಡಿದರೆ ಮುಂದಿನ ಒಂದು ಮಾತೂ ಜನ ಕೇಳುವುದಿಲ್ಲ. ಮುದ್ರೆ ಒಡೆದು ಓಲೆ ಬಿಚ್ಚುವ ದೃಶ್ಯ ಇದ್ದರೆ ನಿಜವಾದ ಓಲೆಯಲ್ಲೇ ತಾಲೀಮು ಮಾಡಿ. ಪ್ರದರ್ಶನದ ದಿನ ಬಿಚ್ಚಲು ಬಾರದೆ ತಡಕಾಡುವ ಮಂತ್ರಿಯನ್ನು ಯಾವ ರಾಜನೂ ನಂಬುವುದಿಲ್ಲ.

ಪ್ರಶ್ನೆ: ನನಗೆ ರಾಜನ ಪಾತ್ರ ಬೇಕಿತ್ತು, ಮಂತ್ರಿ ಕೊಟ್ಟಿದ್ದಾರೆ. ಇನ್ನೂ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಕೇಳಲಾ?

ಉತ್ತರ: ಬೇಡ. ಭಾರದ ಕಿರೀಟ ಹೊತ್ತು ಇಡೀ ನಾಟಕ ಕೂತೇ ಇರಬೇಕು, ಎಲ್ಲರ ಮಾತಿಗೂ ಹೂಂ ಅನ್ನಬೇಕು, ಕೊನೆಗೆ ನಿಮ್ಮಂಥ ಒಬ್ಬನ ಕೈಲಿ ಮೋಸ ಹೋಗಬೇಕು. ಇಷ್ಟಾಗಿಯೂ ಅದೇ ಬೇಕು ಅನಿಸಿದರೆ ನೇರವಾಗಿ ಕೇಳಬೇಡಿ. ರಾಜನ ಪಾತ್ರದವರ ಹತ್ತಿರ ಹೋಗಿ, ಮಂತ್ರಿಯ ಪಾತ್ರ ಎಷ್ಟು ಚೆನ್ನಾಗಿದೆ, ಇದಕ್ಕೆ ನಿಜವಾಗಿ ಯೋಗ್ಯರು ನೀವು, ನನಗೇ ಸಂಕೋಚ ಆಗುತ್ತಿದೆ ಅಂತ ಹೇಳಿ ನೋಡಿ. ಅವರಾಗಿಯೇ ಬಂದು ಪಾತ್ರ ಬದಲಾಯಿಸಿಕೊಳ್ಳೋಣ ಅಂದರೆ, ದಯವಿಟ್ಟು ನೀವು ಮಂತ್ರಿಯಾಗಿಯೇ ಉಳಿಯಿರಿ.